ಕೂಲಿ ಏರಿತು, ಸೇರು ಇಳಿಯಿತು

1881ರ ಫೆಬ್ರವರಿಯಲ್ಲಿ ಕಲಾದಗಿ ಜಿಲ್ಲೆಯ ತಲೆ ಎಣಿಸಿದಾಗ ಸರ್ಕಾರಕ್ಕೆ ಸಿಕ್ಕ ಸಂಖ್ಯೆ 6,38,493. ಒಂಬತ್ತು ವರ್ಷಗಳ ಹಿಂದೆ, 1872ರ ಗಣತಿಯಲ್ಲಿ, ಅದೇ ಜಿಲ್ಲೆಯಲ್ಲಿ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಪಟ್ಟಿಯಿಂದ ಅಳಿಸಿಹೋಗಿದ್ದರು. ಕೆಲವರು ಕೃಷ್ಣೆ ದಾಟಿ ಊರು ಬಿಟ್ಟವರು, ಬಹಳ ಮಂದಿ ಹಾದಿಯಲ್ಲೋ ಮನೆಯಲ್ಲೋ ಸತ್ತವರು. ಹುಟ್ಟಬೇಕಿದ್ದ ಕೂಸುಗಳು ಹುಟ್ಟಲೇ ಇಲ್ಲ.

ಆಗಿನ ಕಲಾದಗಿ ಜಿಲ್ಲೆ ಎಂದರೆ ಹೆಚ್ಚುಕಡಿಮೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು. ಜಮಖಂಡಿ, ಮುಧೋಳದಂಥ ಸಂಸ್ಥಾನಗಳು ಹೊರಗೆ. ಮುಂಬೈ ಪ್ರಾಂತದ ಸರ್ಕಾರ ಈ ಜಿಲ್ಲೆಯನ್ನು ಕಟ್ಟಿದ್ದು 1864ರಲ್ಲಿ. ಕೃಷ್ಣೆಯ ದಕ್ಷಿಣಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು. ಇಳಕಲ್ಲು, ರಾಮಥಾಳ, ಕೂಡಲಸಂಗಮಗಳೆಲ್ಲ ಆಗ ಹುನಗುಂದಕ್ಕೆ ಸೇರಿದ್ದವು. ಅದರ ಮೂಡಣ ಗಡಿ ದಾಟಿದರೆ ನಿಜಾಮನ ಸೀಮೆ, ಜನರ ಬಾಯಲ್ಲಿ ಮೊಗಲಾಯಿ. ಬಾದಾಮಿಯ ಕಡೆ ಗುಡ್ಡ, ಮಸಾರಿ ನೆಲ; ಹುನಗುಂದದ ಕಡೆ ಎರಿ ಹೊಲ, ಹಿಂಗಾರಿ ಬಿಳಿಜೋಳ, ಹತ್ತಿ, ಕಡಲೆ, ಕುಸುಬಿ. ಮಳೆ ಮಾತ್ರ ಎರಡು ಕಡೆಗೂ ನಂಬಿಗಸ್ತನಲ್ಲ.

ಆಳು ಕಡಿಮೆಯಾದರೆ ಕೂಲಿ ಏರುತ್ತದೆ, ಕೂಲಿ ಏರಿದರೆ ದರ ಏರುತ್ತದೆ ಎಂದು ಅರ್ಥಶಾಸ್ತ್ರದ ಪಠ್ಯಗಳು ಹೇಳುತ್ತವೆ. ಈ ಮೂರು ತಾಲೂಕುಗಳ ನೂರೈವತ್ತು ವರ್ಷದ ಕತೆಯನ್ನು ಬಿಚ್ಚಿದರೆ ಆ ಲೆಕ್ಕ ಒಮ್ಮೆ ಸರಿ ಬರುತ್ತದೆ, ಒಮ್ಮೆ ಪೂರ್ತಿ ತಿರುವುಮುರುವಾಗುತ್ತದೆ. ಎಷ್ಟು ಆಣೆ ಬಂತು ಎಂಬುದಕ್ಕಿಂತ ಆ ಆಣೆಗೆ ಎಷ್ಟು ಜೋಳ ಬಂತು ಎಂದು ಕೇಳಿದಾಗಲೇ ಈ ಏರಿಳಿತದ ಅರ್ಥ ಹತ್ತುತ್ತದೆ.

ಕತೆ ಶುರುವಾಗುವುದು ಅಮೆರಿಕದಲ್ಲಿ. 1861ರ ಏಪ್ರಿಲ್‌ನಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಲಿವರ್‌ಪೂಲಿನ ದಲ್ಲಾಳಿಗಳ ಕಣ್ಣು ಮುಂಬೈ ಪ್ರಾಂತದ ಮೇಲೆ ಬಿತ್ತು. ಧಾರವಾಡದ ಕಡೆ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಯುತ್ತಿತ್ತು, ‘ಧಾರವಾಡ ಅಮೆರಿಕನ್’ ಎಂದು ಅದಕ್ಕೆ ಹೆಸರೂ ಬಿದ್ದಿತ್ತು. ಊರ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ ‘ಕುಮಟಾ’ ಆಗಿತ್ತು. ಹತ್ತಿ ಸಾಗಾಟದ ಅವಸರ ಎಷ್ಟಿತ್ತೆಂದರೆ, 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈಗೆ ಸೇರಿಸಿದರು. ಕಾರವಾರದ ಬಂದರಿಗೆ ಘಟ್ಟದ ಮೇಲಿಂದ ರಸ್ತೆ ಕಡಿಯಬೇಕಿತ್ತು.

ಹತ್ತಿಯ ದರ ಎರಡು ಮೂರು ವರ್ಷಗಳಲ್ಲಿ ಮೂರು ನಾಲ್ಕು ಪಟ್ಟಾಯಿತು. ಹತ್ತಿ ಜೋಳದಂಥ ಬೆಳೆಯಲ್ಲ, ಅದಕ್ಕೆ ಕೈ ಬಹಳ ಬೇಕು. ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು, ಒಡೆದ ಕಾಯಿಯನ್ನು ಒಂದೇ ಸಲಕ್ಕಲ್ಲದೆ ಮೂರು ನಾಲ್ಕು ಸಲ ಬಿಡಿಸಬೇಕು. ಬಿಡಿಸಿದ ಮೇಲೆ ಕಾಳು ಬೇರ್ಪಡಿಸಬೇಕು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸುತ್ತ ಕಾಳು ಹೊರಗೆ ಹಾರಿಸುವ ಆ ಕೆಲಸ ಹೆಂಗಸರದು. ದಿನವಿಡೀ ಉರುಳಿಸಿದರೂ ಕೈಗೆ ಬರುವ ಅರಳೆ ಕೆಲವೇ ಸೇರು. ಅದಾದ ಮೇಲೆ ಅಂಡಿಗೆ ಕಟ್ಟಿ, ಬಂಡಿಗೆ ಹೇರಿ, ಘಟ್ಟ ಇಳಿಸಬೇಕು. ಅದೇ ಹೊತ್ತಿಗೆ ಸರ್ಕಾರದ ರಸ್ತೆ ಕೆಲಸ ನಡೆದಿತ್ತು, ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಪುಣೆಯ ಹತ್ತಿರ ಭೋರ್ ಘಾಟ್ ಕೊರೆಯುತ್ತಿತ್ತು. 1861ರಲ್ಲಿ ಆ ಒಂದು ಘಟ್ಟದಲ್ಲೇ ನಲವತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಎಲ್ಲರಿಗೂ ಬೇಕಾದದ್ದು ಅದೇ ಆಳು, ಅದೇ ಎತ್ತು, ಅದೇ ಬಂಡಿ.

ಕೂಲಿ ಏರಿತು. ಅಲ್ಲಿಯವರೆಗೆ ಇಲ್ಲಿನ ಹೊಲದ ಕೂಲಿ ಬಹುಪಾಲು ಕಾಳಿನಲ್ಲೇ ನಡೆಯುತ್ತಿತ್ತು. ಜೋಳ ಕೊಯ್ದವನಿಗೆ ಸೂಡು, ಕಣದಲ್ಲಿ ದುಡಿದವನಿಗೆ ರಾಶಿಯಿಂದ ಅಳತೆ, ಹತ್ತಿ ಬಿಡಿಸಿದವಳಿಗೆ ಬಿಡಿಸಿದ್ದರಲ್ಲಿ ಒಂದು ಪಾಲು, ಬಡಿಗ ಕಮ್ಮಾರರಿಗೆ ಸುಗ್ಗಿಯ ಆಯ. ಇಂಥ ಕೂಲಿಗೆ ಒಂದು ಗುಣವಿತ್ತು. ಜೋಳ ತುಟ್ಟಿಯಾದರೂ ಆಳಿನ ಸೇರು ಕಡಿಮೆಯಾಗುತ್ತಿರಲಿಲ್ಲ. ರಸ್ತೆ ಮತ್ತು ರೈಲಿನ ಮೇಸ್ತ್ರಿಗಳು ಕೊಟ್ಟದ್ದು ರೊಕ್ಕ. ಕೈಗೆ ಬೆಳ್ಳಿ ಬಂದಾಗ ಯಾರಿಗೆ ಬೇಡ?

ಬೆಳ್ಳಿ ಮಳೆಯಂತೆ ಸುರಿಯಿತು. ಯುದ್ಧದ ಆ ವರ್ಷಗಳಲ್ಲಿ ಹತ್ತಿಯಿಂದ ಮುಂಬೈಗೆ ಮಾಮೂಲಿಗಿಂತ ಹೆಚ್ಚಾಗಿ ಬಂದ ಹಣ 8 ಕೋಟಿ ಪೌಂಡಿಗೂ ಮೇಲೆ ಎಂದು ಅಂದಾಜು. ಆಗ ರೂಪಾಯಿ ಎಂದರೆ ಬೆಳ್ಳಿ, ಬೆಳ್ಳಿ ಒಳಗೆ ಬಂದಷ್ಟೂ ಹಣ ಚಲಾವಣೆಗೆ ಬರುತ್ತಿತ್ತು, ದರಗಳು ಅದರ ಹಿಂದೆ ಹೋಗುತ್ತಿದ್ದವು. ಜೋಳ ಬಿತ್ತುವ ಹೊಲದಲ್ಲಿ ಹತ್ತಿ ಬಿತ್ತಿದ್ದು ಇದರ ಮೇಲೆ ಬೇರೆ. ಬಂಡಿಯ ಗಾಲಿಗೆ ಬೆಳ್ಳಿಯ ಹಳಿ ಹೊಡೆಸಿದ ರೈತರ ಕತೆಗಳನ್ನು ಆ ಕಾಲದ ಸಾಹೇಬರು ಬಹಳ ಸವಿದು ಬರೆದಿದ್ದಾರೆ. ಬೆಳ್ಳಿಯ ಹಳಿ ಎರಿ ಹೊಲದ ಹಾದಿಯಲ್ಲಿ ಒಂದು ಹರದಾರಿಯೂ ತಾಳಲಿಕ್ಕಿಲ್ಲ. ಆದರೆ ಕತೆ ಹುಟ್ಟುವಷ್ಟು ರೊಕ್ಕ ಕೈ ಬದಲಾಯಿಸಿದ್ದು ನಿಜ.

ಇದರಲ್ಲಿ ಸೋತವರು ಯಾರು? ತಿಂಗಳ ಸಂಬಳ ಗೊತ್ತುಮಾಡಿಕೊಂಡಿದ್ದ ಕಚೇರಿಯ ಜವಾನರು, ಪೊಲೀಸರು. ಅವರಿಗಿಂತ ಹೆಚ್ಚು ಸೋತವರು ಇಳಕಲ್ಲು, ಗುಳೇದಗುಡ್ಡದ ನೇಕಾರರು. ಅರಳೆ ಹಡಗು ಹತ್ತಿ ಹೋದಾಗ ನೂಲಿನ ದರ ಏರಿತು. ಜೋಳದ ದರವೂ ಏರಿದ್ದರಿಂದ ಸೀರೆ ಕೊಳ್ಳಬೇಕಾದ ಮನೆಯಲ್ಲಿ ಸೀರೆಗೆ ಉಳಿದ ರೊಕ್ಕ ಕಡಿಮೆ. ಎರಡು ಕಡೆಯಿಂದ ಒತ್ತಡ ಬಿದ್ದದ್ದು ಮಗ್ಗದ ಗುಂಡಿಯಲ್ಲಿ ಕೂತವನ ಮೇಲೆ.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಜುಲೈ 1ರಂದು ಮುಂಬೈಯ ಷೇರು ಪೇಟೆ ಮಗುಚಿ ಬಿತ್ತು. ಹತ್ತಿಯ ದರ ಇಳಿಯಿತು. ದರ ಏರಿದ್ದಾಗ ಮಾಡಿದ ಸಾಲ ಮಾತ್ರ ಸಾವಕಾರನ ಖಾತೆಯಲ್ಲಿ ಹಾಗೇ ನಿಂತಿತು.

ಹತ್ತು ವರ್ಷ ಕಳೆದವು.

1876, ಧಾತು ಸಂವತ್ಸರ. ಮುಂಗಾರು ಬಡವಾಗಿತ್ತು, ಸೆಪ್ಟೆಂಬರ್ ಅಕ್ಟೋಬರಿನ ಹಿಂಗಾರಿ ಮಳೆ ಕೈಕೊಟ್ಟಿತು. ಎರಿ ಹೊಲದ ಒಕ್ಕಲುತನಕ್ಕೆ ಪೆಟ್ಟು ಬೀಳುವುದೇ ಅಲ್ಲಿ. ಹಿಂಗಾರಿ ಬಿತ್ತನೆ ಇಲ್ಲವೆಂದರೆ ಎಡೆ ಇಲ್ಲ, ಕೊಯ್ಲಿಲ್ಲ, ಕಣವಿಲ್ಲ. ಅಂದರೆ ಬರ ಮೊದಲು ಕಸಿದದ್ದು ಕೂಲಿಯನ್ನು. ಹಗೇವಿನಲ್ಲಿ ಹಳೆಯ ಜೋಳ ಇದ್ದವರ ಮನೆಯಲ್ಲಿ ಇನ್ನೂ ರೊಟ್ಟಿ ಬಡಿಯುವ ಸದ್ದಿತ್ತು. ನೆಲದಡಿಯ ಆ ಕಣಜದ ಬಾಯಿ ತೆಗೆದು, ಕೆಟ್ಟ ಗಾಳಿ ತುಂಬಿದೆಯೇ ಎಂದು ದೀಪ ಇಳಿಬಿಟ್ಟು ನೋಡಿ, ಆಮೇಲೆ ಆಳು ಇಳಿಯುವುದು ವಾಡಿಕೆ. ಆ ವರ್ಷ ಹಗೇವಿನ ಬಾಯಿ ತೆಗೆಯಲು ಉಳ್ಳವರು ಆತುರಪಡಲಿಲ್ಲ. ತಡಮಾಡಿದಷ್ಟೂ ಜೋಳಕ್ಕೆ ದರ ಬರುತ್ತಿತ್ತು.

ಸೊಲ್ಲಾಪುರಕ್ಕೆ, ರಾಯಚೂರಿಗೆ ರೈಲು ಬಂದಾಗಿತ್ತು. ಧಾನ್ಯದ ಮೂಟೆಗಳು ಅಲ್ಲಿಯವರೆಗೆ ಬಂದವು. ಅಲ್ಲಿಂದ ಬಾಗಲಕೋಟೆಗೋ ಹುನಗುಂದಕ್ಕೋ ಬರಬೇಕಾದರೆ ಬಂಡಿ ಬೇಕು, ಎತ್ತು ಬೇಕು. ಎತ್ತುಗಳು ಮೇವಿಲ್ಲದೆ, ನೀರಿಲ್ಲದೆ ಬೀಳುತ್ತಿದ್ದವು. ಹೀಗೆ ರೈಲ್ವೆ ನಿಲ್ದಾಣದ ದರಕ್ಕೂ ಊರಿನ ದರಕ್ಕೂ ನಡುವೆ ಸತ್ತ ಎತ್ತುಗಳ ಅಂತರ ಬೆಳೆಯಿತು. ಮುಂಬೈ ಪ್ರಾಂತದಲ್ಲಿ ಬರದ ಹೊಡೆತ ಅತಿ ಹೆಚ್ಚು ಬಿದ್ದದ್ದು ಕಲಾದಗಿ ಜಿಲ್ಲೆಗೆ.

ಸರ್ಕಾರ ಕಾಮಗಾರಿ ತೆರೆಯಿತು. ರಸ್ತೆ, ಕೆರೆ, ಕಲ್ಲು ಒಡೆಯುವ ಕೆಲಸ. ಮೊದಲು ಗೊತ್ತುಮಾಡಿದ ದಿನಗೂಲಿ ಗಂಡಸಿಗೆ 2 ಆಣೆ, ಹೆಂಗಸಿಗೆ ಒಂದೂವರೆ ಆಣೆ, ದುಡಿಯಬಲ್ಲ ಹುಡುಗ ಹುಡುಗಿಗೆ 1 ಆಣೆ. ರೂಪಾಯಿಗೆ 16 ಪೌಂಡ್ ಧಾನ್ಯ ಸಿಗುವವರೆಗೆ ಈ 2 ಆಣೆಗೆ 2 ಪೌಂಡ್ ಬರುತ್ತಿತ್ತು, ಅಂದರೆ ಕಿಲೋಗೆ ನೂರು ಗ್ರಾಮಿನಷ್ಟು ಕಡಿಮೆ. ನವೆಂಬರ್ ನಡುವೆ ದರ ಆ ಗೆರೆ ದಾಟಿತು. ಆಗ ಮುಂಬೈ ಸರ್ಕಾರ ಒಂದು ಜಾಣ ಕ್ರಮ ತಂದಿತು. ಕೂಲಿಯನ್ನು ಧಾನ್ಯದ ದರಕ್ಕೆ ಕಟ್ಟಿಹಾಕಿತು. ಪೇಟೆಯಲ್ಲಿ ದರ ಎಷ್ಟೇ ಇರಲಿ, ಗಂಡಾಳಿಗೆ 1 ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ 1 ಆಣೆ.

1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಕಳಿಸಿದ ಬರಗಾಲದ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಬಂದರು. ಮೂರು ವರ್ಷದ ಹಿಂದೆ ಇದೇ ಟೆಂಪಲ್ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಖರ್ಚು ಮಾಡಿದ್ದರು. ಜನ ಉಳಿದರು, ಟೆಂಪಲ್ ದುಂದುಗಾರ ಎನ್ನಿಸಿಕೊಂಡರು. ಈ ಸಲ ಆ ಹೆಸರು ತೊಳೆದುಕೊಳ್ಳಬೇಕಿತ್ತು. ಪೌಂಡಿನ ಮೇಲಿನ 1 ಆಣೆ ಅರ್ಧ ಆಣೆಗೆ ಇಳಿಯಿತು.

ಅರ್ಧ ಆಣೆ ಎಂದರೆ ಏನು? ದರ ರೂಪಾಯಿಗೆ 8 ಪೌಂಡಿಗೆ ಬಂತೆಂದುಕೊಳ್ಳೋಣ. ಆಗ 1 ಪೌಂಡಿಗೆ 2 ಆಣೆ. ಮೊದಲಿನ ನಿಗದಿ ಕೂಲಿಯಾಗಿದ್ದರೆ ದಿನಕ್ಕೆ 1 ಪೌಂಡ್ ಮಾತ್ರ ಬರುತ್ತಿತ್ತು. ನವೆಂಬರಿನ ಕ್ರಮದಲ್ಲಿ 3 ಆಣೆ, ಅಂದರೆ ಒಂದೂವರೆ ಪೌಂಡ್. ಟೆಂಪಲ್ ಕೂಲಿಯಲ್ಲಿ ಎರಡೂವರೆ ಆಣೆ, ಅಂದರೆ ಒಂದೂಕಾಲು ಪೌಂಡ್. ಆಣೆಯ ಲೆಕ್ಕದಲ್ಲಿ ಇದು ಮೊದಲು ಗೊತ್ತುಮಾಡಿದ ಆ 2 ಆಣೆಗಿಂತ ಹೆಚ್ಚು! ದಫ್ತರದಲ್ಲಿ ನೋಡಿದವರಿಗೆ ಕೂಲಿ ಏರಿದೆ. ಕಲ್ಲು ಒಡೆಯುವವನಿಗೆ ಮಾತ್ರ ಎರಡು ಪೌಂಡ್ ಇದ್ದದ್ದು ಒಂದೂಕಾಲಕ್ಕೆ ಬಂದಿದೆ, ಅದರಲ್ಲೇ ಉಪ್ಪು, ಮೆಣಸಿನಕಾಯಿ, ಬೇಳೆ, ಸೌದೆ, ಮನೆಯಲ್ಲಿ ಬಿದ್ದುಕೊಂಡ ಮುದುಕರ ಗಂಜಿ. ಲೋಕೋಪಯೋಗಿ ಇಲಾಖೆಯ ಕಾಮಗಾರಿಯಲ್ಲಿ ಗಟ್ಟಿ ಆಳು ಮಾಡುವ ಕೆಲಸದ ಮುಕ್ಕಾಲು ಪಾಲನ್ನಾದರೂ ಮುಗಿಸಬೇಕೆಂಬ ಕಟ್ಟಳೆ ಬೇರೆ. ಊರಿನ ಹತ್ತಿರ ಕೆಲಸ ಕೊಟ್ಟರೆ ಸೋಮಾರಿಗಳೂ ಬರುತ್ತಾರೆಂದು ದೂರದ ಬಿಡಾರಗಳಿಗೆ ಕಳಿಸುತ್ತಿದ್ದರು.

ಜನ ಸುಮ್ಮನಿರಲಿಲ್ಲ. 1877ರ ಜನವರಿಯಿಂದ ಮಾರ್ಚ್ ನಡುವೆ ಮುಂಬೈ ಪ್ರಾಂತದ ಕಾಮಗಾರಿಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಜನ ಎದ್ದು ನಡೆದರು. ಹೊಟ್ಟೆಗಿಲ್ಲದವರು ಮುಷ್ಕರ ಹೂಡಿದ ಇಂಥ ಪ್ರಸಂಗ ಚರಿತ್ರೆಯಲ್ಲಿ ಅಪರೂಪ. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿಯ ಮೇಲೆ ಮನವಿ ಬರೆಯಿತು. ಮದ್ರಾಸ್ ಪ್ರಾಂತದಲ್ಲಿ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಶ್, ಒಂದು ಪೌಂಡ್ ಧಾನ್ಯ ತಿಂದು ಯಾವ ಮನುಷ್ಯನೂ ಮಣ್ಣು ಹೊರಲಾರನೆಂದು ವೈದ್ಯಕೀಯ ಲೆಕ್ಕ ಮುಂದಿಟ್ಟು ಟೆಂಪಲ್ ಜೊತೆ ಜಗಳಕ್ಕೆ ನಿಂತರು. ಟೆಂಪಲ್ ಅದೇ ವರ್ಷದ ಮೇ ತಿಂಗಳಲ್ಲಿ ಮುಂಬೈಯ ಗವರ್ನರ್ ಆದರು.

ಕೂಲಿ ಬಿಟ್ಟು ಎದ್ದವರಿಗೆ ಹೋಗಲು ಬೇರೆ ಧಣಿ ಇರಲಿಲ್ಲ ಎಂಬುದೇ ಈ ಮುಷ್ಕರದ ದುರಂತ. 1862ರಲ್ಲಿ ರಸ್ತೆ ಮೇಸ್ತ್ರಿ ಕಡಿಮೆ ಕೊಟ್ಟರೆ ಹತ್ತಿಯ ಹೊಲ ಕರೆಯುತ್ತಿತ್ತು. 1877ರಲ್ಲಿ ಇಡೀ ಜಿಲ್ಲೆಗೆ ಕೆಲಸ ಕೊಡುವವನು ಒಬ್ಬನೇ, ಸರ್ಕಾರ. ಉಳಿದ ದಾರಿ ಗುಳೆ. ಇಳಕಲ್ಲಿನ ಆಚೆ ಮೊಗಲಾಯಿಗೆ, ಘಟ್ಟದ ಕೆಳಗೆ, ಕಾಲು ಹೊತ್ತ ಕಡೆಗೆ.

ಈಗ ಪಠ್ಯದ ಲೆಕ್ಕ ಪರೀಕ್ಷೆಗೆ ನಿಲ್ಲುವ ಜಾಗ ಬಂತು. ಯುರೋಪಿನಲ್ಲಿ 1348ರ ಮಹಾಮಾರಿಯ ಪ್ಲೇಗಿಗೆ ಮೂರರಲ್ಲಿ ಒಂದು ಪಾಲು ಜನ ಸತ್ತ ಮೇಲೆ ಉಳಿದ ಆಳುಗಳ ಕೂಲಿ ಏರಿತು. ಅದನ್ನು ತಡೆಯಲು ಇಂಗ್ಲೆಂಡಿನ ಧಣಿಗಳು 1351ರಲ್ಲಿ ಕಾಯ್ದೆಯನ್ನೇ ಮಾಡಿ, ಹಳೆಯ ಕೂಲಿಗಿಂತ ಹೆಚ್ಚು ಕೇಳಿದವರನ್ನು ಶಿಕ್ಷಿಸಿದರು. ಐವರಲ್ಲಿ ಒಬ್ಬರನ್ನು ಕಳೆದುಕೊಂಡ ಕಲಾದಗಿಯಲ್ಲಿ ಉಳಿದವರ ಕಾಲ ಬರಬೇಕಿತ್ತಲ್ಲವೇ? ಬರಲಿಲ್ಲ. ಪ್ಲೇಗು ಮನುಷ್ಯರನ್ನು ಕೊಂದು ಎತ್ತು, ನೇಗಿಲು, ಬೀಜ, ಬೆಳೆಗಳನ್ನು ಹಾಗೇ ಬಿಟ್ಟು ಹೋಗಿತ್ತು. ಬರ ಎತ್ತನ್ನು ಮೊದಲು ಕೊಂದಿತು, ಬೀಜದ ಜೋಳವನ್ನು ತಿನ್ನಿಸಿತು, ಹೆಂಡತಿಯ ಮೈಮೇಲಿನ ಬೆಳ್ಳಿಯನ್ನು ಮಾರಿಸಿತು. ಆಳು ಕಡಿಮೆಯಾದಷ್ಟೇ ಆಳನ್ನು ಕರೆಯುವ ಶಕ್ತಿಯೂ ಕಡಿಮೆಯಾಯಿತು.

ಬೀಳುಬಿದ್ದ ಎರಿ ಹೊಲವನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೆರಡು ವರ್ಷ ರಂಟೆ ಹೂಡದಿದ್ದರೆ ಕರಿಕೆ ಹಬ್ಬುತ್ತದೆ. ಅದರ ಬೇರು ಎರಿಯ ಬಿರುಕಿನಲ್ಲಿ ಮೊಳಕಾಲುದ್ದ ಇಳಿಯುತ್ತದೆ. ಅದನ್ನು ಸಲಿಕೆ ಗುದ್ದಲಿಯಿಂದ ಅಗೆದು, ಬೇರು ಆರಿಸಿ ಬಿಸಿಲಿಗೆ ಹಾಕಿದರೇ ಹೊಲ ಮತ್ತೆ ಹೊಲವಾಗುವುದು. ಸತ್ತವರು ಮಾಡಬೇಕಿದ್ದ ಕೆಲಸ ಉಳಿದವರ ತಲೆಯ ಮೇಲೆ ಬಂತು, ಅದಕ್ಕೆ ಕೂಲಿ ಕೊಡಲು ರೈತನ ಹತ್ತಿರ ಬೆಳೆಯೇ ಇರಲಿಲ್ಲ. ಬೆಳೆ ಬಂದ ವರ್ಷ, 1879ರಲ್ಲಿ, ಇಲಿಗಳು ದಂಡಿಯಾಗಿ ಬಿದ್ದು ಹೊಲ ತಿಂದವು. ಬರದ ಬೆನ್ನಿಗೆ ಇಲಿಯ ಕಾಟ ಎಂದರೆ ಕತೆಗಾರ ಕಟ್ಟಿದ್ದೆಂದು ಅನ್ನಿಸಬಹುದು, ಸರ್ಕಾರಿ ದಾಖಲೆಯಲ್ಲಿ ಅದೂ ಇದೆ.

ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಬರಗಾಲ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಬರ ಬಂದಾಗ ಮೊದಲು ಬೀಳುವವರು ಭೂಮಿಯಿಲ್ಲದ ಕೂಲಿಕಾರರು ಮತ್ತು ಕಸುಬುದಾರರು, ಏಕೆಂದರೆ ಅವರ ದುಡಿಮೆ ನಿಂತುಹೋಗುತ್ತದೆ ಎಂಬುದನ್ನು ಆಯೋಗ ಸ್ಪಷ್ಟವಾಗಿ ಗುರುತಿಸಿತು. 1883ರಲ್ಲಿ ಬರಗಾಲ ಸಂಹಿತೆ ಬಂತು. ಬಾಗಲಕೋಟೆಯ ಮಗ್ಗುಲಲ್ಲಿ ಮುಚಖಂಡಿ ಕೆರೆ 1882ರಲ್ಲಿ ಮುಗಿಯಿತು. ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ದಾರಿ 1884ರಲ್ಲಿ ವಿಜಯಪುರ, ಬಾಗಲಕೋಟೆ, ಬಾದಾಮಿಗಳನ್ನು ಹಾದು ತೆರೆಯಿತು. ಮುಂದೆ ಸೊಲ್ಲಾಪುರದ ಜೋಳ ಬಂಡಿಗೆ ಕಾಯಬೇಕಿರಲಿಲ್ಲ. ಗುಳೆ ಹೋದವರು ನಿಧಾನಕ್ಕೆ ಮರಳಿದರು, 1891ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 7,96,339. ಅಷ್ಟರಲ್ಲಿ ಜಿಲ್ಲೆಯ ಕಚೇರಿ ಕಲಾದಗಿಯಿಂದ ವಿಜಯಪುರಕ್ಕೆ ಹೋಗಿತ್ತು, ಹೆಸರೂ ಅದರ ಜೊತೆ ಹೋಗಿತ್ತು.

1918ರ ಶೀತಜ್ವರದ್ದು ಇನ್ನೊಂದು ಬಗೆ. ಅದು ಎತ್ತನ್ನು ಮುಟ್ಟಲಿಲ್ಲ, ದುಡಿಯುವ ವಯಸ್ಸಿನವರನ್ನೇ ಆರಿಸಿ ಒಯ್ದಿತು. ಅದರ ಜೋರು ಹೊಡೆತ ಬಿದ್ದದ್ದು ಸೆಪ್ಟೆಂಬರಿನಿಂದ ನವೆಂಬರ್ ತನಕ, ಸರಿಯಾಗಿ ಹಿಂಗಾರಿ ಬಿತ್ತನೆಯ ಹೊತ್ತಿಗೆ. ಮಹಾಯುದ್ಧದ ತುಟ್ಟಿ ಮೊದಲೇ ಇತ್ತು, ಮಳೆಯೂ ಸೋತಿತ್ತು. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಥಿಯೊಡರ್ ಶುಲ್ಟ್ಸ್ 1964ರ ತಮ್ಮ ಪುಸ್ತಕದಲ್ಲಿ ಭಾರತದ ಈ ಸಾವುಗಳನ್ನೇ ಒಂದು ಪ್ರಯೋಗದಂತೆ ಓದಿದರು. ಹಳ್ಳಿಯಲ್ಲಿ ಕೆಲಸಕ್ಕೆ ಬಾರದ ಹೆಚ್ಚುವರಿ ಕೈಗಳಿವೆ, ಅವು ಹೋದರೂ ಬೆಳೆ ಕಡಿಮೆಯಾಗದು ಎಂಬ ವಾದ ಆಗ ಚಾಲ್ತಿಯಲ್ಲಿತ್ತು. ದುಡಿಯುವವರು ಸುಮಾರು ಶೇ 8ರಷ್ಟು ಕಡಿಮೆಯಾದಾಗ ಬಿತ್ತನೆಯ ನೆಲವೂ ಶೇ 3.8ರಷ್ಟು ಕುಗ್ಗಿತೆಂದು ತೋರಿಸಿ ಶುಲ್ಟ್ಸ್ ಅದನ್ನು ಅಲ್ಲಗಳೆದರು. ಅಮರ್ತ್ಯ ಸೇನ್ ಆ ಲೆಕ್ಕದ ವಿಧಾನವನ್ನು ಪ್ರಶ್ನಿಸಿದರು. ಇಬ್ಬರ ಚರ್ಚೆಯೂ ಓದಲು ಸೊಗಸು, ಆದರೂ ಹಿಂಗಾರಿಗೆ ಹದಿನೈದು ದಿನ ಕೈ ಸಿಗದಿದ್ದರೆ ಇಡೀ ವರ್ಷ ಹೋಯಿತೆಂಬುದನ್ನು ಹುನಗುಂದದ ಯಾವ ರೈತನಿಗೂ ಪುಸ್ತಕ ಹೇಳಿಕೊಡಬೇಕಾಗಿಲ್ಲ.

ಬರಗಾಲ ಸಂಹಿತೆಯ ಕಾಮಗಾರಿಯ ಎಳೆ ಮಹಾರಾಷ್ಟ್ರದ 1972ರ ಬರದ ಉದ್ಯೋಗ ಖಾತ್ರಿಯನ್ನು ಹಾದು 2005ರ ಕೇಂದ್ರದ ಉದ್ಯೋಗ ಖಾತ್ರಿ ಕಾಯ್ದೆ ನರೇಗಾದವರೆಗೆ ಬಂತು. ಬಾಗಲಕೋಟೆ ಜಿಲ್ಲೆಗೆ ನರೇಗಾ ಬಂದದ್ದು ಮೂರನೆಯ ಹಂತದಲ್ಲಿ, 2008ರ ಏಪ್ರಿಲ್‌ನಲ್ಲಿ. 2011ರಲ್ಲಿ ಅದರ ಕೂಲಿಯನ್ನು ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಜೋಡಿಸಿದರು. 1876ರ ನವೆಂಬರಿನಲ್ಲಿ ಮುಂಬೈ ಸರ್ಕಾರ ಹುಡುಕಿದ ಉಪಾಯವೇ ಇದು, ಪೌಂಡಿನ ಜಾಗದಲ್ಲಿ ಸೂಚ್ಯಂಕ ಕೂತಿತು. ಕರ್ನಾಟಕದ ದಿನಗೂಲಿ 2011ರಲ್ಲಿ 125 ರೂಪಾಯಿ ಇದ್ದದ್ದು 2025ರಲ್ಲಿ 370 ಆಯಿತು. ‘ಖಾತ್ರಿ ಬಂದಮ್ಯಾಲೆ ಆಳು ಸಿಗವಲ್ರು’ ಎಂಬುದು ಹೊಲವಿದ್ದವರ ದೂರು. ಖಾತ್ರಿಯ ಕೂಲಿಗಿಂತ ಗೋವಾ, ಮಂಗಳೂರು, ಬೆಂಗಳೂರಿನ ಗಾರೆ ಕೆಲಸದ ಪಗಾರ ಎಷ್ಟೋ ಹೆಚ್ಚೆಂಬುದನ್ನು ಆ ದೂರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಾದಾಮಿ, ಹುನಗುಂದದ ಗುಳೆ ಈಗ ಬರಕ್ಕೆ ಕಾಯುವುದಿಲ್ಲ, ಸುಗ್ಗಿ ಮುಗಿದ ಕೂಡಲೇ ಬಸ್ಸು ಹತ್ತುತ್ತದೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನಿಗೆ ಆ ಬಸ್ಸುಗಳು ನಿಂತವು. ಮೇ 5ರಂದು ಬೆಂಗಳೂರಿನಲ್ಲಿ ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದ ರಾಜ್ಯ ಸರ್ಕಾರ, ಹೊರರಾಜ್ಯದ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲುಗಳು ಬೇಡವೆಂದಿತು. ಆಳು ಹೋದರೆ ಕಟ್ಟಡ ಏಳುವುದು ಹೇಗೆ ಎಂಬ ಚಿಂತೆ. ದೇಶವೆಲ್ಲ ಛೀ ಎಂದ ಮೇಲೆ ಎರಡೇ ದಿನದಲ್ಲಿ ತೀರ್ಮಾನ ಬದಲಾಯಿತು. 1351ರ ಇಂಗ್ಲೆಂಡಿನ ಧಣಿಗಳಿಗೆ ಈ ಯೋಚನೆ ಹೊಸದೆನಿಸುತ್ತಿರಲಿಲ್ಲ. ಆ ವರ್ಷ ಹಳ್ಳಿಗಳಲ್ಲಿ ಕೈಗಳು ತುಂಬಿದ್ದವು, ದೇಶದಲ್ಲಿ ನರೇಗಾ 389 ಕೋಟಿ ಮಾನವ ದಿನಗಳ ಕೆಲಸ ಕೊಟ್ಟಿತು. ಮರುವರ್ಷ ಬಸ್ಸುಗಳು ಮತ್ತೆ ತುಂಬಿದವು.

ರಾಮಥಾಳದ ಹೆಸರು ಈಚೆಗೆ ಹೊರಗಿನವರ ಬಾಯಿಗೆ ಬಂದದ್ದು ನೀರಿನಿಂದ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಹುನಗುಂದ ಸೀಮೆಯ ಸುಮಾರು 24,000 ಹೆಕ್ಟೇರಿಗೆ ಕೊಳವೆಯಲ್ಲಿ ಹನಿ ನೀರು ಕೊಡುವ ರಾಮಥಾಳ–ಮರೋಳ ಯೋಜನೆ ಇದು. ಕಾಲುವೆ ತಿರುವಿ ಬೋದಿನಲ್ಲಿ ನೀರು ಹಾಯಿಸುವ ಆಳು ಇದರಲ್ಲಿ ಬೇಕಿಲ್ಲ, ಕವಾಟಗಳನ್ನು ಕಂಪ್ಯೂಟರ್ ತೆರೆಯುತ್ತದೆ. ಒಣ ಎರಿಯಲ್ಲಿ ಕಡಲೆ ಬಿತ್ತುತ್ತಿದ್ದವನು ನೀರು ಸಿಕ್ಕಾಗ ಉಳ್ಳಾಗಡ್ಡಿ, ಮೆಣಸಿನಕಾಯಿಗೆ ಕೈ ಹಾಕುತ್ತಾನೆ. ಉಳ್ಳಾಗಡ್ಡಿ ಕೀಳಲು, ಸೊಪ್ಪು ಕೊಯ್ಯಲು, ಆರಿಸಿ ಚೀಲ ತುಂಬಲು ಕಂಪ್ಯೂಟರ್ ಬರುವುದಿಲ್ಲ. ಅದಕ್ಕೆ ಪಕ್ಕದ ಊರಿನ ಹೆಂಗಸರ ಗುಂಪಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಬೇಕು, ಟಂಟಂ ಬಾಡಿಗೆ ಕೊಡಬೇಕು. ಕೂಲಿ ದಿನಕ್ಕೋ ಚೀಲಕ್ಕೋ ಎಂಬುದನ್ನು ಗುಂಪಿನ ಮುಂದಾಳು ಹೆಂಗಸಿನ ಜೊತೆ ಅಲ್ಲೇ ಮುಗಿಸಬೇಕು. ಆ ದಿನ ಪೇಟೆಯಲ್ಲಿ ಉಳ್ಳಾಗಡ್ಡಿಯ ದರ ಎಷ್ಟಿದೆಯೆಂಬುದು ಮಾತಿಗೆ ಕೂತ ಇಬ್ಬರಿಗೂ ಗೊತ್ತಿರುತ್ತದೆ.